ಬೊರೊಬುದುರಿನ ಮಹಾಸ್ತೂಪ

ಪ್ರಾಚೀನ ಸ್ಮಾರಕಗಳ ಸಂಪತ್ತಿಗೆ ಏಷ್ಯಾ ಖಂಡವು ಹೆಸರಾಗಿದೆ. ಭಾರತದ ಸಾಂಚಿ ಮತ್ತು ಅಜಂತ, ಶ್ರೀಲಂಕೆಯ ಅನುರಾಧಪುರ, ಮ್ಯಾನ್ಮಾರಿನ ಪಗಾನ್, ಕಾಂಬೋಡಿಯದ ಅಂಗ್‌ಕೋರ್ ವಾಟ್, ಚೀನದ ಮಹಾಗೋಡೆ ಇವೆಲ್ಲ ಮಾನವನ ಶ್ರದ್ಧೆ ಮತ್ತು ಕೌಶಲಗಳಿಗೆ ಸಾಕ್ಷಿಯಾಗಿ ಇಂದಿಗೂ ನಿಂತಿವೆ. ಇವುಗಳ ಸಾಲಿನಲ್ಲಿ ಇಂಡೋನೇಷ್ಯಕ್ಕೆ ಸೇರಿದ ಜಾವಾ ದ್ವೀಪದ ಬೊರೊಬುದುರ್ ಮಹಾಸ್ತೂಪಕ್ಕೆ ವಿಶಿಷ್ಟವಾದ ಸ್ಥಾನವಿದೆ. ಅದನ್ನು ಕಟ್ಟಿದವರ ಸಾಹಸ ಎಷ್ಟು ಅದ್ಭುತವಾದುದೋ, ಸಾವಿರ ವರ್ಷಗಳ ತರುವಾಯ ಅದನ್ನು ನಾಶದಿಂದ ಉಳಿಸಿಕೊಂಡವರ ಸಾಹಸವೂ ಅಷ್ಟೇ ಅದ್ಭುತವಾದುದು. ಶತ್ರುಸೈನ್ಯ ಆ ಸ್ಮಾರಕವನ್ನು ಮುತ್ತಲಿಲ್ಲ. ಅದರ ಬುಡವನ್ನು ಅಲುಗಿಸಿದ್ದು ಪ್ರತಿವರ್ಷವೂ ಸುರಿಯುವ ಮಳೆಯ ನೀರು.

ಜಾವಾ ದ್ವೀಪದ ನಡುಭಾಗದಲ್ಲಿ ಕೆದು ಎಂಬ ಫಲವತ್ತಾದ ಬಯಲಿದೆ. ಪೂರ್ವದಲ್ಲಿ ಮೆರಾಪಿ ಮತ್ತು ಮೆರ್ಬಾಬು, ವಾಯವ್ಯದಲ್ಲಿ ಸುಂಬಿಂಗ್ ಮತ್ತು ಸಿಂದೊರೊ ಎಂಬ ಅಗ್ನಿಪರ್ವತಗಳು ಈ ಬಯಲನ್ನು ಕಾವಲುಗಾರರಂತೆ ಸುತ್ತುವರಿದಿವೆ. ದಕ್ಷಿಣಕ್ಕೆ ಮೆನೊರೆ ಬೆಟ್ಟಗಳ ಸಾಲು ಹಬ್ಬಿದೆ. ಪ್ರೊಗೊ ಮತ್ತು ಎಲೊ ಎಂಬ ನದಿಗಳು ಈ ನೆಲಕ್ಕೆ ನೀರುಣಿಸುತ್ತವೆ. ಯೋಗ್ಯಕರ್ತ ನಗರದಿಂದ ಸುಮಾರು ೪೦ ಕಿಲೋಮೀಟರ್ ದೂರದಲ್ಲಿ, ಭತ್ತದ ಗದ್ದೆಗಳ ಮತ್ತು ತೆಂಗಿನ ತೋಪುಗಳ ನಡುವೆ, ಒಂದು ಸಣ್ಣ ಗುಡ್ಡದ ಮೇಲೆ ಬೊರೊಬುದುರ್ ಎದ್ದು ನಿಂತಿದೆ.

ಕ್ರಿಸ್ತಶಕ ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮತ್ತು ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಶೈಲೇಂದ್ರ ವಂಶದ ಅರಸರ ಆಳ್ವಿಕೆಯಲ್ಲಿ ಈ ಸ್ತೂಪವು ನಿರ್ಮಾಣವಾಯಿತೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಇದನ್ನು ಕಟ್ಟಿದ ಶಿಲ್ಪಿಯ ಹೆಸರು ಗುಣಧರ್ಮ ಎಂದು ಜಾವಾದ ಜನರು ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಮೆನೊರೆ ಬೆಟ್ಟಗಳ ಸಾಲನ್ನು ದೂರದಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯನೊಬ್ಬನ ಮುಖದಂತೆ ಕಾಣುತ್ತದೆ. ತಾನು ಕಟ್ಟಿದ ಸ್ತೂಪವನ್ನು ಕಾಯುತ್ತ ಗುಣಧರ್ಮನೇ ಅಲ್ಲಿ ವಿಶ್ರಮಿಸುತ್ತಿದ್ದಾನೆ ಎಂಬುದು ಅವರ ನಂಬಿಕೆ.

ಬೊರೊಬುದುರಿನ ರಚನೆ ಇತರ ದೇಗುಲಗಳಂತಲ್ಲ. ಅದಕ್ಕೆ ಗರ್ಭಗುಡಿಯಿಲ್ಲ, ಸಭಾಮಂಟಪವಿಲ್ಲ, ಒಳಗೆ ಪ್ರವೇಶಿಸುವ ಬಾಗಿಲೂ ಇಲ್ಲ. ಇದ್ದ ಗುಡ್ಡವನ್ನೇ ಒಡಲಾಗಿಸಿಕೊಂಡು, ಅದರ ಮೇಲೆ ಮಣ್ಣು ತುಂಬಿ ಹದಗೊಳಿಸಿ, ಅದಕ್ಕೆ ಶಿಲೆಯ ಕವಚವನ್ನು ತೊಡಿಸಿದಂತೆ ಅದನ್ನು ನಿರ್ಮಿಸಲಾಗಿದೆ. ತಳದಲ್ಲಿ ಒಂದೊಂದು ಪಾರ್ಶ್ವವೂ ಸುಮಾರು ೧೨೩ ಮೀಟರುಗಳಷ್ಟು ಉದ್ದವಾಗಿದೆ. ಕೆಳಗೆ ಚೌಕಾಕಾರದ ಆರು ಅಂತಸ್ತುಗಳು, ಅವುಗಳ ಮೇಲೆ ವೃತ್ತಾಕಾರದ ಮೂರು ಅಂತಸ್ತುಗಳು, ಎಲ್ಲಕ್ಕೂ ಮೇಲೆ ಕಿರೀಟಪ್ರಾಯವಾದ ಒಂದು ದೊಡ್ಡ ಸ್ತೂಪ ಇವಿಷ್ಟು ಅದರ ಅಂಗಗಳು. ಇದಕ್ಕಾಗಿ ಸುಮಾರು ೫೫,೦೦೦ ಘನಮೀಟರಿನಷ್ಟು ಕಲ್ಲು ಬಳಕೆಯಾಗಿದೆ. ಅಗ್ನಿಪರ್ವತಗಳು ಉಗುಳಿದ ಕಪ್ಪುಬೂದು ಬಣ್ಣದ ಈ ಕಲ್ಲನ್ನು ಸುತ್ತಲಿನ ನದಿಪಾತ್ರಗಳಿಂದ ತರಲಾಯಿತು. ಕಲ್ಲುಗಳನ್ನು ಬೆಸೆಯಲು ಗಾರೆಯನ್ನು ಬಳಸಲಿಲ್ಲ. ಒಂದು ಕಲ್ಲಿನ ಉಬ್ಬು ಇನ್ನೊಂದರ ಕುಳಿಯಲ್ಲಿ ಸರಿಯಾಗಿ ಕೂರುವಂತೆ ಕೆತ್ತಿ, ಒಂದನ್ನೊಂದು ಹಿಡಿದಿಟ್ಟುಕೊಳ್ಳುವಂತೆ ಜೋಡಿಸಿದರು.

ಈ ಸ್ಮಾರಕವನ್ನು ನೋಡುವ ಕ್ರಮವೆಂದರೆ ಪ್ರದಕ್ಷಿಣೆ. ಪೂರ್ವದ ಮೆಟ್ಟಿಲುಗಳಿಂದ ಹತ್ತಿ, ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡು, ಒಂದೊಂದು ಅಂತಸ್ತನ್ನೂ ಸುತ್ತುತ್ತ ಯಾತ್ರಿಕನು ಮೇಲೇರಬೇಕು. ಚೌಕಾಕಾರದ ಅಂತಸ್ತುಗಳಲ್ಲಿ ಎರಡು ಗೋಡೆಗಳ ನಡುವೆ ಓಣಿಯಂತಹ ಪಥಗಳಿವೆ. ಈ ಗೋಡೆಗಳ ತುಂಬ ಉಬ್ಬುಶಿಲ್ಪಗಳು ಕಿಕ್ಕಿರಿದಿವೆ. ಕಥೆಯನ್ನು ನಿರೂಪಿಸುವ ಫಲಕಗಳೇ ೧,೪೬೦. ಅಲಂಕಾರಕ್ಕಾಗಿ ಕೆತ್ತಿದವು ೧,೨೧೨. ಬುದ್ಧನು ತುಷಿತ ಸ್ವರ್ಗದಿಂದ ಇಳಿದು ಬಂದುದು ಮೊದಲುಗೊಂಡು ವಾರಾಣಸಿಯ ಬಳಿ ಮೊದಲ ಉಪದೇಶ ಮಾಡುವವರೆಗಿನ ವೃತ್ತಾಂತವು ೧೨೦ ಫಲಕಗಳಲ್ಲಿ ಮೂಡಿದೆ. ಬುದ್ಧನ ಪೂರ್ವಜನ್ಮಗಳನ್ನು ಹೇಳುವ ಜಾತಕ ಕಥೆಗಳಿವೆ. ಜ್ಞಾನವನ್ನರಸಿ ಗುರುವಿನಿಂದ ಗುರುವಿನೆಡೆಗೆ ಅಲೆದ ಸುಧನನೆಂಬ ತರುಣನ ಕಥೆಯು ಮೇಲಿನ ಪಥಗಳನ್ನು ಆವರಿಸಿಕೊಂಡಿದೆ. ಅಕ್ಷರ ಬಲ್ಲವರಿಗೂ ಬಾರದವರಿಗೂ ಸಮಾನವಾಗಿ ತೆರೆದಿಟ್ಟ ಮಹಾಗ್ರಂಥವಿದು.

ಧರ್ಮದ ಕಥೆಯನ್ನು ಕೆತ್ತುವಾಗ ಶಿಲ್ಪಿಗಳು ತಮ್ಮ ಸುತ್ತಣ ಬದುಕನ್ನೂ ಮರೆಯಲಿಲ್ಲ. ನೇಗಿಲು ಹಿಡಿದ ರೈತರು, ವಾದ್ಯ ನುಡಿಸುವ ಕಲಾವಿದರು, ಕುಣಿಯುವ ನರ್ತಕಿಯರು, ಮನೆಗಳು, ಮರಗಿಡಗಳು, ಪ್ರಾಣಿಪಕ್ಷಿಗಳು ಈ ಗೋಡೆಗಳಲ್ಲಿ ಜೀವಂತವಾಗಿವೆ. ಗಾಳಿಗೆ ಹಾಯಿ ಬಿಚ್ಚಿದ ಹಡಗುಗಳ ಚಿತ್ರಗಳಂತೂ ಪ್ರಸಿದ್ಧವಾಗಿವೆ. ಸಮುದ್ರದಲ್ಲಿ ಮಗುಚದಂತೆ ಅವುಗಳ ಪಕ್ಕಕ್ಕೆ ಕಟ್ಟಿದ ತೇಲುಮರದ ಚೌಕಟ್ಟು ಕೂಡ ಕೆತ್ತನೆಯಲ್ಲಿ ಸ್ಪಷ್ಟವಾಗಿದೆ. ಈ ಶಿಲ್ಪವನ್ನೇ ಮಾದರಿಯಾಗಿಟ್ಟುಕೊಂಡು ಇತ್ತೀಚೆಗೆ 'ಸಮುದ್ರರಕ್ಷ' ಎಂಬ ಮರದ ಹಡಗೊಂದನ್ನು ಕಟ್ಟಲಾಯಿತು. ಅದು ೨೦೦೩ರಲ್ಲಿ ಜಕಾರ್ತದಿಂದ ಹೊರಟು, ಹಿಂದೂ ಮಹಾಸಾಗರವನ್ನು ದಾಟಿ, ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ, ೨೦೦೪ರಲ್ಲಿ ಘಾನಾ ದೇಶದ ಅಕ್ರಾ ನಗರವನ್ನು ಸೇರಿತು. ಶಿಲ್ಪಿಯ ಕಣ್ಣು ಎಷ್ಟು ನಿಖರವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗೋಡೆಗಳ ನಡುವಣ ಇಕ್ಕಟ್ಟಾದ ಪಥಗಳನ್ನು ಸುತ್ತಿ ಮುಗಿಸಿದವನು ವೃತ್ತಾಕಾರದ ಅಂತಸ್ತುಗಳಿಗೆ ಬಂದೊಡನೆ ದೃಶ್ಯವೇ ಬದಲಾಗುತ್ತದೆ. ಅಲ್ಲಿ ಗೋಡೆಗಳಿಲ್ಲ, ಕಥೆಗಳಿಲ್ಲ. ಮೇಲೆ ತೆರೆದ ಆಕಾಶ, ಸುತ್ತಲೂ ದೂರದ ಪರ್ವತಗಳು. ಮೊದಲನೆಯ ವೃತ್ತದಲ್ಲಿ ೩೨, ಎರಡನೆಯದರಲ್ಲಿ ೨೪, ಮೂರನೆಯದರಲ್ಲಿ ೧೬ ಹೀಗೆ ಒಟ್ಟು ೭೨ ಚಿಕ್ಕ ಸ್ತೂಪಗಳು ಅಲ್ಲಿವೆ. ಗಂಟೆಯ ಆಕಾರದ ಈ ಸ್ತೂಪಗಳ ಮೈಯೆಲ್ಲ ಜಾಲರಿಯಂತೆ ರಂಧ್ರಮಯ. ಒಳಗೆ ಧ್ಯಾನಮಗ್ನನಾದ ಬುದ್ಧನು ಅರೆಬರೆಯಾಗಿ ಕಾಣುತ್ತಾನೆ. ಕೆಳಗಿನ ಅಂತಸ್ತುಗಳ ಗೂಡುಗಳಲ್ಲಿರುವ ೪೩೨ ವಿಗ್ರಹಗಳನ್ನೂ ಸೇರಿಸಿದರೆ ಮೊದಲಿಗೆ ಇಲ್ಲಿದ್ದ ಬುದ್ಧ ವಿಗ್ರಹಗಳ ಸಂಖ್ಯೆ ೫೦೪ ಆಗುತ್ತದೆ. ಲೋಕದ ಗದ್ದಲದಿಂದ ಮೌನದೆಡೆಗೆ ಮನುಷ್ಯನ ಮನಸ್ಸು ಸಾಗಬೇಕಾದ ದಾರಿಯನ್ನು ಈ ರಚನೆಯೇ ಸೂಚಿಸುತ್ತದೆ.

ಇಷ್ಟು ದೊಡ್ಡ ಸ್ಮಾರಕವನ್ನು ಕಟ್ಟಿದವರಿಗೆ ಮಳೆಯ ಅರಿವು ಇರಲಿಲ್ಲವೆಂದಲ್ಲ. ಅಂತಸ್ತುಗಳ ಮೂಲೆಗಳಲ್ಲಿ ಮಕರಮುಖದ ಸುಮಾರು ನೂರು ನೀರುದೋಣಿಗಳನ್ನು ಅವರು ಇರಿಸಿದ್ದರು. ಮೇಲೆ ಬಿದ್ದ ನೀರು ಇವುಗಳ ಮೂಲಕ ಹೊರಗೆ ಧುಮುಕುತ್ತಿತ್ತು. ಆದರೆ ಹತ್ತನೆಯ ಶತಮಾನದಲ್ಲಿ ಜಾವಾದ ರಾಜಕೀಯ ಕೇಂದ್ರವು ದ್ವೀಪದ ಪೂರ್ವಭಾಗಕ್ಕೆ ಸರಿಯಿತು. ಕಾಲಕ್ರಮದಲ್ಲಿ ಯಾತ್ರಿಕರ ಸಂಖ್ಯೆ ಇಳಿಯಿತು. ನೀರುದೋಣಿಗಳ ಕಸ ತೆಗೆಯುವವರೂ ಕಲ್ಲಿನ ಸಂದಿನಲ್ಲಿ ಮೊಳೆತ ಗಿಡವನ್ನು ಕೀಳುವವರೂ ಇಲ್ಲದಂತಾಯಿತು. ಅಗ್ನಿಪರ್ವತಗಳು ಉಗುಳಿದ ಬೂದಿ ಅದರ ಮೇಲೆ ಪದರ ಪದರವಾಗಿ ಬಿದ್ದಿತು. ಬೂದಿಯ ಮೇಲೆ ಪೊದೆಗಳೂ ಪೊದೆಗಳ ನಡುವೆ ಹೆಮ್ಮರಗಳೂ ಬೆಳೆದವು. ಕೊನೆಗೆ ಮನುಷ್ಯನು ಕಟ್ಟಿದ ಬೆಟ್ಟವು ಕಾಡುಬೆಟ್ಟವೇ ಆಗಿ ತೋರಿತು.

ಆದರೂ ಸುತ್ತಲಿನ ಹಳ್ಳಿಗರು ಅದನ್ನು ಸಂಪೂರ್ಣವಾಗಿ ಮರೆತಿರಲಿಲ್ಲ. ಹದಿನೆಂಟನೆಯ ಶತಮಾನದ ಸಂಗತಿಗಳನ್ನು ಹೇಳುವ ಜಾವಾದ ವೃತ್ತಾಂತ ಗ್ರಂಥಗಳಲ್ಲಿ ಈ ಬೆಟ್ಟದ ಹೆಸರು ಬರುತ್ತದೆ. ಯೋಗ್ಯಕರ್ತದ ರಾಜಕುಮಾರನೊಬ್ಬನು ಹಿರಿಯರ ನಿಷೇಧವನ್ನು ಮೀರಿ, 'ಪಂಜರದಲ್ಲಿ ಸೆರೆಯಾದ ಕ್ಷತ್ರಿಯ'ನನ್ನು ನೋಡಲು ಅಲ್ಲಿಗೆ ಹೋದನೆಂದೂ ಹಿಂದಿರುಗಿದ ಮೇಲೆ ಕಾಯಿಲೆ ಬಿದ್ದು ಸತ್ತನೆಂದೂ ಅವುಗಳಲ್ಲೊಂದು ಹೇಳುತ್ತದೆ. ಜಾಲರಿಯ ಸ್ತೂಪದೊಳಗೆ ಕುಳಿತ ಬುದ್ಧನೇ ಆ ಕ್ಷತ್ರಿಯನೆಂಬುದು ಸ್ಪಷ್ಟ. ಸ್ಮಾರಕದ ಅರ್ಥವು ಮರೆಯಾಗಿ, ಅದರ ಭಯವಷ್ಟೇ ಜನಮನದಲ್ಲಿ ಉಳಿದಿತ್ತು.

೧೮೧೪ರಲ್ಲಿ ಜಾವಾ ದ್ವೀಪವು ಬ್ರಿಟಿಷರ ಅಧೀನದಲ್ಲಿತ್ತು. ಅದರ ಆಡಳಿತಗಾರನಾಗಿದ್ದ ಥಾಮಸ್ ಸ್ಟ್ಯಾಮ್‌ಫರ್ಡ್ ರಾಫೆಲ್ಸ್‌ನಿಗೆ ಕಾಡಿನಲ್ಲಿ ಹುದುಗಿದ ದೊಡ್ಡ ಸ್ಮಾರಕವೊಂದರ ಸುದ್ದಿ ಸ್ಥಳೀಯರಿಂದ ತಿಳಿಯಿತು. ಅವನು ಕಾರ್ನೀಲಿಯಸ್ ಎಂಬ ಡಚ್ ಎಂಜಿನಿಯರನನ್ನು ಅಲ್ಲಿಗೆ ಕಳುಹಿಸಿದನು. ಇನ್ನೂರು ಮಂದಿ ಆಳುಗಳು ಸುಮಾರು ಆರು ವಾರಗಳ ಕಾಲ ಮರಗಳನ್ನು ಕಡಿದು, ಪೊದೆಗಳನ್ನು ಸುಟ್ಟು, ಮಣ್ಣನ್ನು ಅಗೆದರು. ಕುಸಿಯುವ ಭಯದಿಂದ ಎಲ್ಲವನ್ನೂ ಅಗೆಯಲು ಕಾರ್ನೀಲಿಯಸನಿಗೆ ಧೈರ್ಯ ಬರಲಿಲ್ಲ. ಇಡೀ ಸ್ಮಾರಕವು ಹೊರಗೆ ಕಾಣಿಸಿದ್ದು ೧೮೩೫ರ ವೇಳೆಗೆ.

ಆದರೆ ಬೆಳಕಿಗೆ ಬಂದುದೇ ಅದಕ್ಕೆ ಹೊಸ ಕೇಡನ್ನು ತಂದಿತು. ಮೇಲೆ ಕವಿದಿದ್ದ ಮಣ್ಣು ಕಲ್ಲುಗಳನ್ನು ಬಿಸಿಲುಮಳೆಗಳಿಂದ ಒಂದು ಮಟ್ಟಿಗೆ ಕಾಪಾಡಿತ್ತು. ಆ ಹೊದಿಕೆಯೂ ಈಗ ಇಲ್ಲವಾಯಿತು. ಕಳ್ಳರೂ ಸಂಗ್ರಹಕಾರರೂ ಬುದ್ಧನ ಶಿರಗಳನ್ನು ಕೊಂಡೊಯ್ದರು. ೧೮೯೬ರಲ್ಲಿ ಸಯಾಮಿನ ದೊರೆ ಚೂಡಾಲಂಕಾರನು ಜಾವಾಕ್ಕೆ ಬಂದಾಗ, ಅಂದಿನ ಡಚ್ ಸರಕಾರವು ಎಂಟು ಗಾಡಿಗಳಷ್ಟು ಶಿಲ್ಪಗಳನ್ನು ಒಯ್ಯಲು ಅವನಿಗೆ ಅನುಮತಿ ನೀಡಿತು. ಅವುಗಳಲ್ಲಿ ಕೆಲವು ಇಂದು ಬ್ಯಾಂಕಾಕಿನ ವಸ್ತುಸಂಗ್ರಹಾಲಯದಲ್ಲಿವೆ. ಇದಕ್ಕೂ ಮುಂಚೆ, ೧೮೮೨ರಲ್ಲಿ, ಸ್ಮಾರಕವು ಹೇಗೂ ಉಳಿಯಲಾರದೆಂದು ಬಗೆದ ಅಧಿಕಾರಿಯೊಬ್ಬನು ಅದನ್ನು ಪೂರ್ತಿಯಾಗಿ ಬಿಚ್ಚಿ, ಶಿಲ್ಪಗಳನ್ನು ವಸ್ತುಸಂಗ್ರಹಾಲಯಗಳಿಗೆ ಸಾಗಿಸಬೇಕೆಂದು ಸಲಹೆ ಮಾಡಿದ್ದನು. ಅದೃಷ್ಟವಶಾತ್ ಸರಕಾರವು ಅದನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಶಿಲ್ಪಗಳು ಉಳಿಯುತ್ತಿದ್ದವು, ಬೊರೊಬುದುರ್ ಉಳಿಯುತ್ತಿರಲಿಲ್ಲ. ಒಂದು ಕಾವ್ಯದ ಹಾಳೆಗಳನ್ನು ಕಿತ್ತು ಹತ್ತು ಮನೆಗಳಲ್ಲಿ ಹಂಚಿಟ್ಟಂತೆ ಆಗುತ್ತಿತ್ತು.

೧೮೮೫ರಲ್ಲಿ ಎಲ್ಲರನ್ನೂ ಬೆರಗುಗೊಳಿಸುವ ಸಂಗತಿಯೊಂದು ಹೊರಬಿದ್ದಿತು. ಸ್ತೂಪದ ತಳದಲ್ಲಿರುವ ಅಗಲವಾದ ಜಗಲಿಯ ಹಿಂದೆ ಇನ್ನೊಂದು ಗೋಡೆಯಿರುವುದು ಐಜರ್‌ಮನ್ ಎಂಬ ಡಚ್ ಎಂಜಿನಿಯರನಿಗೆ ಗೋಚರಿಸಿತು. ಜಗಲಿಯ ಕಲ್ಲುಗಳನ್ನು ತೆಗೆದಾಗ ೧೬೦ ಶಿಲ್ಪಫಲಕಗಳು ಕಂಡುಬಂದವು. ಒಳಿತು ಮಾಡಿದವನಿಗೆ ಒಳಿತು, ಕೆಡುಕು ಮಾಡಿದವನಿಗೆ ಕೆಡುಕು ಎಂಬ ಕರ್ಮಫಲದ ತತ್ತ್ವವನ್ನು ಅವು ಚಿತ್ರಿಸುತ್ತವೆ. ಕೆಲವು ಫಲಕಗಳ ಮೇಲ್ಭಾಗದಲ್ಲಿ, ಏನನ್ನು ಕೆತ್ತಬೇಕೆಂದು ಶಿಲ್ಪಿಗೆ ತಿಳಿಸಲು ಬರೆದ ಚಿಕ್ಕ ಚಿಕ್ಕ ಸೂಚನೆಗಳಿವೆ. ಅವು ಪ್ರಾಚೀನ ಜಾವಾ ಲಿಪಿಯಲ್ಲಿರುವ ಸಂಸ್ಕೃತ ಪದಗಳು. 'ಸ್ವರ್ಗ', 'ವಿರೂಪ', 'ಕುಶಲ', 'ಘಂಟಾ' ಎಂಬಂತಹ ಈ ಮಾತುಗಳಿಗೆ ಕನ್ನಡ ಓದುಗರು ನಿಘಂಟನ್ನು ನೋಡಬೇಕಾಗಿಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ ಸಮುದ್ರದಾಚೆಯ ದ್ವೀಪದಲ್ಲಿ ಕೆಲಸಗಾರರಿಗಾಗಿ ಬರೆದಿಟ್ಟ ಮಾತುಗಳು ಇಂದಿನ ಕನ್ನಡದಲ್ಲಿಯೂ ಬಳಕೆಯಲ್ಲಿರುವುದು ಏಷ್ಯದ ಸಂಸ್ಕೃತಿಗಳ ನಂಟನ್ನು ತೋರಿಸುತ್ತದೆ.

ಇಂತಹ ಶಿಲ್ಪಗಳನ್ನು ಮುಚ್ಚಿದ್ದೇಕೆ? ಮೇಲಿನ ಭಾರಕ್ಕೆ ಗುಡ್ಡವು ಜಾರತೊಡಗಿದ್ದರಿಂದ, ಕಟ್ಟುವಾಗಲೇ ತಳಕ್ಕೆ ಕಲ್ಲಿನ ಆಸರೆ ಕೊಡಬೇಕಾಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಕೆಲವು ಫಲಕಗಳ ಕೆತ್ತನೆ ಅರ್ಧಕ್ಕೇ ನಿಂತಿರುವುದು ಇದಕ್ಕೆ ಪುಷ್ಟಿ ಕೊಡುತ್ತದೆ. ಧಾರ್ಮಿಕ ಕಾರಣವೂ ಇದ್ದಿರಬಹುದೆಂದು ಹೇಳುವವರೂ ಉಂಟು. ಏನೇ ಇರಲಿ, ಆಸರೆಯನ್ನು ತೆಗೆಯುವುದು ಅಪಾಯಕರವೆಂದು ತಿಳಿದು, ೧೮೯೦-೯೧ರಲ್ಲಿ ಆ ಫಲಕಗಳ ಛಾಯಾಚಿತ್ರಗಳನ್ನು ತೆಗೆಸಿ, ಅವುಗಳನ್ನು ಮತ್ತೆ ಮುಚ್ಚಲಾಯಿತು. ಈ ಛಾಯಾಚಿತ್ರಗಳನ್ನು ತೆಗೆದವನು ಕಸಿಯನ್ ಸೆಫಾಸ್ ಎಂಬ ಜಾವಾ ದೇಶೀಯನೇ. ಆಗ್ನೇಯ ಮೂಲೆಯಲ್ಲಿ ಮಾತ್ರ ಕೆಲವು ಫಲಕಗಳು ಇಂದು ಕಾಣಸಿಗುತ್ತವೆ.

ಸ್ಮಾರಕದ ಮೊದಲನೆಯ ಜೀರ್ಣೋದ್ಧಾರವು ೧೯೦೭ರಿಂದ ೧೯೧೧ರವರೆಗೆ ನಡೆಯಿತು. ಅದರ ಹೊಣೆ ಹೊತ್ತವನು ಥಿಯೋಡೋರ್ ವಾನ್ ಎರ್ಪ್ ಎಂಬ ಡಚ್ ಸೇನಾಧಿಕಾರಿ. ಅವನು ಮೊದಲಿಗೆ ತಿಂಗಳುಗಟ್ಟಲೆ ಸುತ್ತಲಿನ ನೆಲವನ್ನು ಅಗೆಸಿ, ಬಿದ್ದುಹೋಗಿದ್ದ ಕಲ್ಲುಗಳನ್ನೂ ಬುದ್ಧನ ಶಿರಗಳನ್ನೂ ಹುಡುಕಿಸಿದನು. ಬಳಿಕ ವೃತ್ತಾಕಾರದ ಮೂರು ಅಂತಸ್ತುಗಳನ್ನೂ ಅಲ್ಲಿನ ಸ್ತೂಪಗಳನ್ನೂ ಬಿಚ್ಚಿ ಮರಳಿ ಕಟ್ಟಿದನು. ದೊಡ್ಡ ಸ್ತೂಪದ ತುದಿಯಲ್ಲಿ ದೊರೆತ ಚೂರುಗಳನ್ನು ಸೇರಿಸಿ ಕಲ್ಲಿನ ಛತ್ರವೊಂದನ್ನು ಏರಿಸಿದನು. ಆದರೆ ಅದರಲ್ಲಿ ಮೂಲದ ಕಲ್ಲುಗಳು ಸಾಕಷ್ಟಿಲ್ಲವೆಂದು ಕಂಡಾಗ ತಾನು ಏರಿಸಿದ್ದನ್ನು ತಾನೇ ಇಳಿಸಿಬಿಟ್ಟನು. ಹಳೆಯದನ್ನು ಉಳಿಸುವವನು ತನ್ನ ಕಲ್ಪನೆಗೆ ಕಡಿವಾಣ ಹಾಕಬೇಕೆಂಬ ವಿವೇಕವನ್ನು ಅವನ ಈ ನಡೆ ಸಾರುತ್ತದೆ.

ಹಣದ ಅಭಾವದಿಂದ ಕೆಳಗಿನ ಚೌಕ ಅಂತಸ್ತುಗಳನ್ನು ಆಗ ಬಿಚ್ಚಲಾಗಲಿಲ್ಲ. ಅಸಲು ರೋಗವಿದ್ದುದು ಅಲ್ಲಿಯೇ. ಗಾರೆಯಿಲ್ಲದ ಕಲ್ಲುಗಳ ಸಂದುಗಳಲ್ಲಿ ಮಳೆಯ ನೀರು ಇಳಿದು ಒಳಗಿನ ಮಣ್ಣನ್ನು ಸೇರುತ್ತಿತ್ತು. ನೀರು ಕುಡಿದ ಮಣ್ಣು ಉಬ್ಬಿ ಗೋಡೆಗಳನ್ನು ಹೊರಕ್ಕೆ ನೂಕುತ್ತಿತ್ತು. ನೀರಿನೊಡನೆ ಮಣ್ಣಿನ ಕಣಗಳು ಕೊಚ್ಚಿಹೋಗಿ ಒಳಗೆ ಪೊಳ್ಳು ಉಂಟಾಗುತ್ತಿತ್ತು. ಇದರಿಂದ ಗೋಡೆಗಳು ವಾಲಿದವು, ನೆಲವು ಕುಸಿಯಿತು. ಮತ್ತೆ ಅದೇ ನೀರು ಶಿಲ್ಪಗಳ ಮೈಯಿಂದ ಜಿನುಗಿ ಹೊರಬಂದು ಬಿಸಿಲಿಗೆ ಆರುವಾಗ, ತನ್ನಲ್ಲಿ ಕರಗಿದ್ದ ಲವಣಗಳನ್ನು ಅಲ್ಲಿಯೇ ಬಿಟ್ಟುಹೋಗುತ್ತಿತ್ತು. ಈ ಲವಣಗಳು ಹರಳುಗಟ್ಟಿ ಕಲ್ಲಿನ ಮೇಲ್ಮೈಯನ್ನು ಪುಡಿಮಾಡುತ್ತಿದ್ದವು. ತೇವವಿರುವಲ್ಲೆಲ್ಲ ಹಾವಸೆಯೂ ಕಲ್ಲುಹೂವೂ ಬೆಳೆದು ಉಳಿದ ಕೆಲಸವನ್ನು ಪೂರೈಸುತ್ತಿದ್ದವು. ಹೀಗೆ ಸದ್ದಿಲ್ಲದೆ, ಒಂದೊಂದು ಹನಿಯಾಗಿ, ನೀರು ಆ ಮಹಾಗ್ರಂಥದ ಪುಟಗಳನ್ನು ಅಳಿಸುತ್ತಿತ್ತು.

ಸ್ವತಂತ್ರವಾದ ಇಂಡೋನೇಷ್ಯವು ೧೯೫೫ರಲ್ಲಿ ಯುನೆಸ್ಕೋ ಸಂಸ್ಥೆಯ ಸಲಹೆಯನ್ನು ಕೋರಿತು. ದೇಶದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಸುಕ್ಮೋನೊ ಅವರು ಸ್ಮಾರಕದ ರಕ್ಷಣೆಗಾಗಿ ಅವಿರತವಾಗಿ ಶ್ರಮಿಸಿದರು. ಹಲವು ದೇಶಗಳು ಧನಸಹಾಯವನ್ನೂ ತಜ್ಞರ ನೆರವನ್ನೂ ನೀಡಿದವು. ೧೯೭೩ರಲ್ಲಿ ಆರಂಭವಾದ ಕಾರ್ಯ ಮುಗಿದದ್ದು ೧೯೮೩ರಲ್ಲಿ. ಈ ಹತ್ತು ವರ್ಷಗಳಲ್ಲಿ ಸುಮಾರು ೬೦೦ ಜನರು ಅಲ್ಲಿ ದುಡಿದರು. ಚೌಕ ಅಂತಸ್ತುಗಳ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದಕ್ಕೂ ಗುರುತು ಹಾಕಿ, ಯಾವುದು ಎಲ್ಲಿಯದೆಂಬುದನ್ನು ದಾಖಲಿಸಲಾಯಿತು. ಈ ಲೆಕ್ಕವನ್ನಿಡಲು ಗಣಕಯಂತ್ರದ ನೆರವನ್ನೂ ಪಡೆಯಲಾಯಿತು. ಶಿಲ್ಪಗಳ ಮೇಲಿನ ಹಾವಸೆಯನ್ನು ತೆಗೆದು ತೊಳೆದರು. ಇತ್ತ ಬಿಚ್ಚಿದ ಜಾಗದಲ್ಲಿ ಭಾರವನ್ನು ಹೊರಲು ಕಾಂಕ್ರೀಟಿನ ಹಾಸನ್ನು ಹಾಕಿದರು. ನೀರು ಶಿಲ್ಪಗಳಿಗೆ ಹಾಯದಂತೆ ಸೀಸದ ಪದರವನ್ನಿಟ್ಟರು. ಇಳಿದ ನೀರು ಸೋಸಿ ಹರಿದುಹೋಗಲು ಜಲ್ಲಿಯ ಪದರಗಳನ್ನೂ ಬಸಿಗಾಲುವೆಗಳನ್ನೂ ಒಳಗೇ ಅಡಗಿಸಿದರು. ಬಳಿಕ ಕಲ್ಲುಗಳು ತಮ್ಮ ತಮ್ಮ ಸ್ಥಾನಗಳಿಗೆ ಮರಳಿದವು. ಕಳೆದುಹೋದ ಶಿಲ್ಪಗಳ ಜಾಗದಲ್ಲಿ ಹೊಸದಾಗಿ ಕೆತ್ತಿದ ಶಿಲ್ಪಗಳನ್ನು ಇಡದೆ, ಬರಿಯ ಕಲ್ಲುಗಳನ್ನೇ ಇರಿಸಿದರು. ಹೊರಗಿನಿಂದ ನೋಡುವವರಿಗೆ ಹೊಸತೇನೂ ಕಾಣುವುದಿಲ್ಲ. ಈ ಕಾರ್ಯದ ಹಿರಿಮೆಯೂ ಅದರಲ್ಲಿಯೇ ಇದೆ.

ಆದರೆ ರಕ್ಷಣೆಯೆಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಜೀರ್ಣೋದ್ಧಾರ ಮುಗಿದ ಎರಡು ವರ್ಷಗಳಲ್ಲಿ, ೧೯೮೫ರ ಜನವರಿಯಲ್ಲಿ, ದುಷ್ಕರ್ಮಿಗಳು ಬಾಂಬುಗಳನ್ನು ಸಿಡಿಸಿ ಒಂಬತ್ತು ಸ್ತೂಪಗಳಿಗೆ ಹಾನಿ ಮಾಡಿದರು. ಅವುಗಳನ್ನು ಮತ್ತೆ ಕಟ್ಟಲಾಯಿತು. ೧೯೯೧ರಲ್ಲಿ ಯುನೆಸ್ಕೋ ಬೊರೊಬುದುರನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ೨೦೦೬ರ ಮೇ ತಿಂಗಳಿನಲ್ಲಿ ಭೀಕರ ಭೂಕಂಪವು ಯೋಗ್ಯಕರ್ತ ಪ್ರಾಂತವನ್ನು ನಡುಗಿಸಿ, ಸಮೀಪದ ಪ್ರಂಬಾನನ್ ದೇವಾಲಯಗಳಿಗೆ ಪೆಟ್ಟು ಕೊಟ್ಟಿತು. ಬೊರೊಬುದುರ್ ಮಾತ್ರ ಅಲುಗದೆ ನಿಂತಿತು. ೨೦೧೦ರಲ್ಲಿ ಮೆರಾಪಿ ಪರ್ವತವು ಸ್ಫೋಟಗೊಂಡು ಸ್ತೂಪವನ್ನು ಬೂದಿಯಿಂದ ಮುಚ್ಚಿತು. ಕಲ್ಲನ್ನು ತಿನ್ನುವ ಆಮ್ಲಗುಣವುಳ್ಳ ಈ ಬೂದಿಯು ಮಳೆಯೊಡನೆ ಸೇರಿ ಬಸಿಗಾಲುವೆಗಳನ್ನು ಕಟ್ಟಿಹಾಕಿತು. ಸಾವಿರ ವರ್ಷಗಳ ಹಿಂದೆ ಬಿದ್ದ ಬೂದಿಯನ್ನು ತೆಗೆಯುವವರಿರಲಿಲ್ಲ. ಈ ಬಾರಿ ಕೆಲಸಗಾರರೂ ಸ್ವಯಂಸೇವಕರೂ ಕೂಡಲೇ ಮುಂದೆ ಬಂದರು. ಪೊರಕೆ ಕುಂಚಗಳನ್ನು ಹಿಡಿದು ಕಲ್ಲುಕಲ್ಲನ್ನೂ ಶುಚಿಗೊಳಿಸಿದರು. ಸಾವಿರಾರು ಕಲ್ಲುಗಳನ್ನು ತೆಗೆದು, ಕಾಲುವೆಗಳ ಕೆಸರನ್ನು ಬಿಡಿಸಿ, ಮರಳಿ ಜೋಡಿಸಿದರು.

ಇಂದು ಬೊರೊಬುದುರಿಗೆ ಬರುವ ಪ್ರವಾಸಿಗರ ಪಾದಗಳೇ ಇನ್ನೊಂದು ಸಮಸ್ಯೆಯಾಗಿವೆ. ಲಕ್ಷಾಂತರ ಜನರ ತುಳಿತಕ್ಕೆ ಮೆಟ್ಟಿಲುಗಳು ಸವೆದು ತಗ್ಗಾಗಿವೆ. ಆದುದರಿಂದ ೨೦೨೩ರಲ್ಲಿ, ದಿನಕ್ಕೆ ೧,೨೦೦ ಮಂದಿ ಮಾತ್ರ ಮೇಲೇರಬಹುದೆಂಬ ನಿಯಮವು ಜಾರಿಗೆ ಬಂದಿತು. ಹತ್ತುವವರು ತಮ್ಮ ಚಪ್ಪಲಿಗಳನ್ನು ಬಿಟ್ಟು, ಸುತ್ತಲಿನ ಹಳ್ಳಿಗರು ಹೆಣೆದ ಮೆತ್ತನೆಯ ಪಾದರಕ್ಷೆಗಳನ್ನು ಮೆಟ್ಟಬೇಕು. ಅವುಗಳಿಗೆ 'ಉಪಾನತ್' ಎಂಬ ಹಳೆಯ ಸಂಸ್ಕೃತ ಹೆಸರನ್ನೇ ಇಡಲಾಗಿದೆ.

ಇಂಡೋನೇಷ್ಯದ ಪ್ರಜೆಗಳಲ್ಲಿ ಬಹುಪಾಲು ಮುಸಲ್ಮಾನರು. ಅಲ್ಲಿ ಬೌದ್ಧರು ಅಲ್ಪಸಂಖ್ಯಾತರು. ಆದರೂ ಪೂರ್ವಜರ ಈ ಕೃತಿಯನ್ನು ಆ ನಾಡು ತನ್ನ ಹೆಮ್ಮೆಯ ಆಸ್ತಿಯೆಂದು ಭಾವಿಸಿದೆ. ಪ್ರತಿವರ್ಷವೂ ವೈಶಾಖದ ಹುಣ್ಣಿಮೆಯಂದು ಬೌದ್ಧರು ಇಲ್ಲಿಗೆ ಮೆರವಣಿಗೆಯಲ್ಲಿ ಬಂದು ಬುದ್ಧನನ್ನು ಸ್ಮರಿಸುತ್ತಾರೆ. ಕಟ್ಟಿದ ಅರಸರ ವಂಶ ಅಳಿಯಿತು. ಅವರ ರಾಜಧಾನಿಯ ಗುರುತೂ ಉಳಿಯಲಿಲ್ಲ. ಸ್ತೂಪವು ಇಂದಿಗೂ ನಿಂತಿರುವುದಕ್ಕೆ ಕಲ್ಲಿನ ಗಟ್ಟಿತನವೊಂದೇ ಕಾರಣವಲ್ಲ. ಅಗೆದವರು, ತೊಳೆದವರು, ಗುರುತು ಹಾಕಿ ಜೋಡಿಸಿದವರು, ಬೂದಿ ಗುಡಿಸಿದವರು ಹೀಗೆ ಹೆಸರು ತಿಳಿಯದ ಸಹಸ್ರಾರು ಜನರ ಕೈಗಳು ಅದನ್ನು ಎತ್ತಿ ಹಿಡಿದಿವೆ. ಜಾವಾದಲ್ಲಿ ಮಳೆಗಾಲ ಪ್ರತಿವರ್ಷವೂ ಬರುತ್ತದೆ. ಬಸಿಗಾಲುವೆಗಳನ್ನು ಪ್ರತಿವರ್ಷವೂ ಯಾರಾದರೊಬ್ಬರು ಶುಚಿಗೊಳಿಸಲೇಬೇಕು. ಹಿರಿಯರು ಬಿಟ್ಟುಹೋದ ಸ್ಮಾರಕವು ಒಂದೊಂದು ತಲೆಮಾರಿಗೂ ಹೊಸದಾಗಿ ಒಪ್ಪಿಸಿದ ಹೊಣೆ ಎಂಬುದನ್ನು ಬೊರೊಬುದುರ್ ಜಗತ್ತಿಗೆ ತಿಳಿಸಿಕೊಟ್ಟಿದೆ.